ಸೆವೆರಮ್, ಅಕಾರ, ಜಿಯೋಫೇಗಸ್: ದಕ್ಷಿಣ ಅಮೆರಿಕದ ಸಿಕ್ಲಿಡ್‌ಗಳನ್ನು ಮನೆಯಲ್ಲಿ ಸಾಕುವುದು ಹೇಗೆ?

“ನಾಲ್ಕು ಅಡಿ ಟ್ಯಾಂಕ್‌ಗೆ ಎಷ್ಟು ಸೆವೆರಮ್ ಬಿಡಬಹುದು?” “ಫ್ಲವರ್‌ಹಾರ್ನ್ ಜೊತೆ ಅಕಾರ ಇರುತ್ತಾ?” “ಟ್ಯಾಂಕ್ ಹೊಸದು, ನೀರು ಕನ್ನಡಿ ತರ ಇದೆ, ಆದರೂ ಮೂರನೇ ದಿನಕ್ಕೇ ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದೆ, ಯಾಕೆ?” ಈ ಮೂರು ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತವೆ. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದು ಕಡೆ ಬರೆದಿದ್ದೇನೆ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಬಹಳ ಮಂದಿ ಏಳನೇ ಹಂತದಿಂದ ಶುರು ಮಾಡುತ್ತಾರೆ. ಅಂದರೆ ಅಂಗಡಿಗೆ ಹೋಗಿ ಮೀನು ತಂದು, ಆಮೇಲೆ ಟ್ಯಾಂಕ್ ಬಗ್ಗೆ ಯೋಚಿಸುತ್ತಾರೆ. ತೊಂದರೆ ಹುಟ್ಟುವುದೇ ಅಲ್ಲಿ.

ಸಿಕ್ಲಿಡ್ ಎನ್ನುವುದು ದೊಡ್ಡದೊಂದು ಮೀನಿನ ಕುಟುಂಬ. ಮಾರ್ಕೆಟ್ಟಿನಲ್ಲಿ ನಾವು ಜಿಲೇಬಿ ಎಂದು ಕರೆಯುವ ತಿಲಾಪಿಯಾ ಇದೇ ಕುಟುಂಬದ್ದು, ಆಫ್ರಿಕಾದಿಂದ ಬಂದದ್ದು. ಭಾರತದ್ದೇ ಆದ ಸಿಕ್ಲಿಡ್‌ಗಳು ಮೂರೇ ಮೂರು. ಅದರಲ್ಲಿ ಒಂದು ನಮ್ಮ ದಕ್ಷಿಣ ಕನ್ನಡದ ಹೊಳೆಗಳಲ್ಲಿರುವ ಕೆನರಾ ಪರ್ಲ್‌ಸ್ಪಾಟ್. ಈ ಲೇಖನ ಮಾತ್ರ ಅಮೆಜಾನ್, ಒರಿನೊಕೊ ಕಡೆಯ ಮಧ್ಯಮ ಗಾತ್ರದ ಸಿಕ್ಲಿಡ್‌ಗಳ ಬಗ್ಗೆ. ಬೆಳೆದ ಮೇಲೆ ಸುಮಾರು 12ರಿಂದ 20 ಸೆಂ.ಮೀ. ಆಗುವಂಥವು. ಆಸ್ಕರ್ ಇದರಲ್ಲಿ ಸೇರುವುದಿಲ್ಲ. ಅದು ಒಂದಡಿ ಬೆಳೆಯುತ್ತದೆ, ಅದರ ಲೆಕ್ಕವೇ ಬೇರೆ.

ಹಂತ 1: ಮೊದಲು ಮೀನನ್ನು ಆರಿಸಿ, ಆಮೇಲೆ ಟ್ಯಾಂಕ್

ಅಂಗಡಿಯಲ್ಲಿ ಎಲ್ಲ ಮರಿಗಳೂ ಹೆಬ್ಬೆರಳಿನಷ್ಟೇ ಇರುತ್ತವೆ. ಅಲ್ಲಿ ನೋಡಿದ ಗಾತ್ರವನ್ನು ಮರೆತುಬಿಡಿ. ಒಂದೆರಡು ವರ್ಷ ಬಿಟ್ಟು ಅದು ಎಷ್ಟಾಗಿರುತ್ತದೆ ಎನ್ನುವುದೇ ಲೆಕ್ಕ. ನಮ್ಮಲ್ಲಿ ಸಿಗುವ ಮುಖ್ಯವಾದವು ಇವು:

ಬ್ಲೂ ಅಕಾರ: ವೆನೆಜುವೆಲಾ, ಟ್ರಿನಿಡಾಡ್ ಕಡೆಯದು. ಸುಮಾರು 15 ಸೆಂ.ಮೀ. ಗಟ್ಟಿ ಮೀನು, ಸ್ವಭಾವವೂ ಒಳ್ಳೆಯದು. ಅಂಗಡಿಗಳಲ್ಲಿ ಜಾಸ್ತಿ ಕಾಣುವ ‘ಎಲೆಕ್ಟ್ರಿಕ್ ಬ್ಲೂ’ ಸಾಕಣೆಯಲ್ಲಿ ಹುಟ್ಟಿದ ತಳಿ, ಕಾಡಿನಲ್ಲಿ ಇಲ್ಲ. ಮೊದಲ ಸಲ ಸಾಕುವವರಿಗೆ ನಾನು ಹೇಳುವುದು ಇದನ್ನೇ.

ಸೆವೆರಮ್: ಅಮೆಜಾನ್‌ನದ್ದು. ತಟ್ಟೆಯಂತೆ ದುಂಡಗೆ, ಎತ್ತರವಾಗಿ ಬೆಳೆಯುತ್ತದೆ, 20 ಸೆಂ.ಮೀ. ಮುಟ್ಟುತ್ತದೆ. ಹಸಿರು, ಚಿನ್ನದ ಬಣ್ಣ, ಕೆಂಪು ಚುಕ್ಕೆಯ ತಳಿಗಳು ಸಿಗುತ್ತವೆ. ಗಂಭೀರ ಮೀನು, ಯಜಮಾನನನ್ನು ಗುರುತು ಹಿಡಿಯುತ್ತದೆ. ಗಿಡ ತಿನ್ನುತ್ತದೆ.

ಜಿಯೋಫೇಗಸ್: ಮರಳು ಜಾಲಿಸಿ ತಿನ್ನುವ ಗುಂಪು. ‘ರೆಡ್ ಹೆಡ್ ತಪಜೋಸ್’ ಎಂಬ ಹೆಸರಿನಲ್ಲಿ ಬರುವುದು ಬಹಳ ಚಂದ. ಒಂದೆರಡು ತಂದರೆ ಬಾಳುವುದಿಲ್ಲ, ಐದಾರು ಬೇಕು. ಹಾಗಾಗಿ ದೊಡ್ಡ ಟ್ಯಾಂಕೇ ಬೇಕು.

ಕೀಹೋಲ್: 10-12 ಸೆಂ.ಮೀ. ಬಹಳ ಸಾಧು, ಸ್ವಲ್ಪ ಪುಕ್ಕಲು. ಅಪರೂಪಕ್ಕೆ ಸಿಗುತ್ತದೆ. ಸಿಕ್ಕರೆ ಬಿಡಬೇಡಿ.

ಗ್ರೀನ್ ಟೆರರ್: ಈಕ್ವೆಡಾರ್, ಪೆರುವಿನ ಪೆಸಿಫಿಕ್ ಕಡೆಯ ನದಿಗಳದ್ದು. ಮರಿ ಎಷ್ಟು ಮುದ್ದೋ ಬೆಳೆದ ಗಂಡು ಅಷ್ಟೇ ಜಗಳಗಂಟ, 20 ಸೆಂ.ಮೀ. ದಾಟುತ್ತದೆ ಕೂಡ. ಒಂದನ್ನೇ ಸಾಕುವುದಾದರೆ ಸರಿ. ಮಿಶ್ರ ಟ್ಯಾಂಕ್‌ಗೆ ಬೇಡ.

ಇವುಗಳ ಜೊತೆ ಸೇರಿಸಬಾರದ್ದನ್ನೂ ಹೇಳಿಬಿಡುತ್ತೇನೆ. ಫ್ಲವರ್‌ಹಾರ್ನ್ ಮಲೇಷ್ಯಾದಲ್ಲಿ ತಳಿ ಬೆರೆಸಿ ಮಾಡಿದ ಮೀನು. ಅದಕ್ಕೆ ಜೊತೆಗಾರರೇ ಬೇಡ. ಮಲಾವಿ ಸರೋವರದ ಹಳದಿ-ನೀಲಿ ಆಫ್ರಿಕನ್ ಸಿಕ್ಲಿಡ್‌ಗಳಿಗೆ ಗಡಸು, ಕ್ಷಾರೀಯ ನೀರು ಬೇಕು. ಅವು ಸದಾ ಅಟ್ಟಿಸಿಕೊಂಡು ಓಡಾಡುತ್ತವೆ. ‘ಎರಡೂ ಸಿಕ್ಲಿಡ್ ಅಲ್ವಾ’ ಎಂದು ಅಂಗಡಿಯವರು ಒಂದೇ ಕವರಿನಲ್ಲಿ ಹಾಕಿಕೊಟ್ಟರೆ ಬೇಡ ಅನ್ನಿ. ಕಾನ್ವಿಕ್ಟ್, ಜ್ಯಾಕ್ ಡೆಂಪ್ಸಿ ಮಧ್ಯ ಅಮೆರಿಕದವು, ಮೊಟ್ಟೆ ಇಟ್ಟ ದಿನ ಇಡೀ ಟ್ಯಾಂಕನ್ನು ತಮ್ಮದೆನ್ನುತ್ತವೆ. ನಿಯಾನ್ ಟೆಟ್ರಾ ಸೆವೆರಮ್‌ಗೆ ತಿಂಡಿ.

ಹಂತ 2: ಟ್ಯಾಂಕ್ ಮತ್ತು ಅದನ್ನಿಡುವ ಜಾಗ

ಅಡಿ ಲೆಕ್ಕದಲ್ಲೇ ಹೇಳುತ್ತೇನೆ, ಟ್ಯಾಂಕ್ ಮಾಡಿಕೊಡುವವರು ಮಾತಾಡುವುದೂ ಹಾಗೇ. ಉದ್ದ 4, ಅಗಲ ಒಂದೂವರೆ, ಎತ್ತರ ಒಂದೂವರೆ ಅಡಿ. ಇದಕ್ಕೆ ಸುಮಾರು 255 ಲೀಟರ್ ನೀರು ಹಿಡಿಯುತ್ತದೆ. ಒಂದು ಜೋಡಿ ಅಕಾರ ಅಥವಾ ಒಂದು ಜೋಡಿ ಸೆವೆರಮ್‌ಗೆ ಇದು ಕನಿಷ್ಠ. ಜಿಯೋಫೇಗಸ್ ಗುಂಪಿಗೆ ಅಗಲ 2 ಅಡಿ ಇರಲೇಬೇಕು. 4×2×2 ಆದರೆ ಸುಮಾರು 450 ಲೀಟರ್.

ಎತ್ತರಕ್ಕೆ ದುಡ್ಡು ಸುರಿಯಬೇಡಿ. ಸಿಕ್ಲಿಡ್ ತನ್ನ ಜಾಗವನ್ನು ನೆಲದ ಮೇಲೆ ಅಳೆಯುತ್ತದೆ. ಎರಡೂವರೆ ಅಡಿ ಎತ್ತರದ ಕಿರಿದಾದ ಟ್ಯಾಂಕ್ ಹಾಲ್‌ನಲ್ಲಿ ಶೋ ಕೊಡಬಹುದು, ಮೀನಿಗೆ ಅದರಿಂದ ಏನೂ ಸಿಗುವುದಿಲ್ಲ. ಮೇಲಾಗಿ ತಳ ಶುಚಿ ಮಾಡಲು ನಿಮ್ಮ ಕೈಯೂ ಎಟುಕುವುದಿಲ್ಲ.

ಗಾಜು: ಒಂದೂವರೆ ಅಡಿ ಎತ್ತರಕ್ಕೆ 10 ಮಿ.ಮೀ., ಎರಡಡಿಗೆ 12 ಮಿ.ಮೀ. ಕೇಳಿ. ‘8 ಸಾಕು ಸಾರ್, ಎಷ್ಟೋ ಕಡೆ ಹಾಕಿದ್ದೀವಿ’ ಎನ್ನುತ್ತಾರೆ. ಉಳಿಯುವ ದುಡ್ಡು ಸೋಫಾ ಒದ್ದೆಯಾಗುವ ಭಯಕ್ಕೆ ಸಾಟಿಯಲ್ಲ. ನೀರು, ಗಾಜು, ಮರಳು ಸೇರಿದರೆ ನಾಲ್ಕು ಅಡಿ ಟ್ಯಾಂಕ್ 300 ಕೆ.ಜಿ. ದಾಟುತ್ತದೆ. ಟಿವಿ ಸ್ಟ್ಯಾಂಡ್, ಹಳೇ ಮೇಜು ತಡೆಯುವುದಿಲ್ಲ. ವೆಲ್ಡ್ ಮಾಡಿದ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ. ಮಟ್ಟಗೋಲು ಇಟ್ಟು ನಾಲ್ಕೂ ಕಡೆ ಸಮ ಇದೆಯಾ ನೋಡಿ. ಗಾಜಿನ ಕೆಳಗೆ ಥರ್ಮೋಕೋಲ್ ಹಾಸಿ. ಮಹಡಿ ಮನೆಯಾದರೆ ಗೋಡೆಗೆ ಒತ್ತಿ, ತೊಲೆ ಇರುವ ಕಡೆ ಇಡಿ, ಕೋಣೆಯ ನಡುವೆ ಬೇಡ. ಕಿಟಕಿಯ ನೇರ ಬಿಸಿಲು ಬೀಳುವ ಜಾಗವೂ ಬೇಡ, ಪಾಚಿ ಕಟ್ಟುತ್ತದೆ.

ಹಂತ 3: ನಿಮ್ಮ ಮನೆ ನೀರು ಎಂಥದ್ದು?

ಈ ಹಂತವನ್ನು ನಿಧಾನವಾಗಿ ಓದಿ. ಮೀನು ಸತ್ತಾಗ ರೋಗ, ಔಷಧ ಅಂತ ಓಡಾಡುತ್ತೇವೆ. ಆದರೆ ಬಹುಪಾಲು ಸಮಸ್ಯೆ ನೀರಿನದ್ದೇ.

ಮೂರು ಪದ ಗೊತ್ತಿದ್ದರೆ ಸಾಕು. ಪಿಎಚ್ ಎಂದರೆ ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎನ್ನುವ ಅಳತೆ. 7 ನಡುಮಟ್ಟ. ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಲವಣಗಳೆಲ್ಲ ಸೇರಿ ಎಷ್ಟು ಎನ್ನುವುದು. ಪೆನ್ನಿನಂಥ ಮೀಟರ್ ಅದ್ದಿದರೆ ಅಂಕಿ ಬರುತ್ತದೆ. ಕೆಎಚ್ ಎಂದರೆ ಕಾರ್ಬೊನೇಟ್ ಗಡಸುತನ. ಇದೇ ಪಿಎಚ್ ದಿಢೀರ್ ಕುಸಿಯದಂತೆ ಹಿಡಿದಿಡುವುದು.

ರಿಯೊ ನೆಗ್ರೊದಂಥ ಕಪ್ಪು ನೀರಿನ ನದಿಗಳಲ್ಲಿ ಪಿಎಚ್ 5ಕ್ಕೂ ಕೆಳಗಿರುತ್ತದೆ, ಲವಣ ಇಲ್ಲವೆನ್ನುವಷ್ಟು ಕಡಿಮೆ. ಅಂತರ್ಜಾಲದಲ್ಲಿ ಇದನ್ನು ಓದಿ ಕೆಲವರು ಹೆದರುತ್ತಾರೆ. ಬೇಕಿಲ್ಲ. ನಮ್ಮ ಅಂಗಡಿಗೆ ಬರುವ ಸೆವೆರಮ್, ಅಕಾರಗಳು ತಲೆಮಾರುಗಳಿಂದ ಏಷ್ಯಾದ ಸಾಕಣೆ ಕೇಂದ್ರಗಳಲ್ಲಿ ಹುಟ್ಟಿದವು. ಪಿಎಚ್ 6.5ರಿಂದ 7.8, ಟಿಡಿಎಸ್ 400ರ ಒಳಗೆ ಇದ್ದರೆ ಆರಾಮಾಗಿ ಇರುತ್ತವೆ. ಮುಖ್ಯವಾದದ್ದು ಅಂಕಿ ಅಲ್ಲ, ಅದು ದಿನಕ್ಕೊಂದು ತರ ಆಗದಿರುವುದು.

ಈಗ ನಿಮ್ಮ ನಲ್ಲಿ ನೋಡಿ.

ಕಾವೇರಿ ನೀರು ಬರುವ ಮನೆಯಾದರೆ ಗಡಸುತನದ ಚಿಂತೆ ಕಡಿಮೆ. ಆದರೆ ಕ್ಲೋರಿನ್ ಇರುತ್ತದೆ. ಕ್ಲೋರಿನ್ ಕಿವಿರನ್ನು ಸುಡುತ್ತದೆ, ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಡ್ರಮ್ಮಿನಲ್ಲಿ ಹಿಡಿದು ಏರ್ ಪಂಪ್ ಹಾಕಿ ಒಂದು ದಿನ ಇಟ್ಟರೆ ಹಾರಿಹೋಗುತ್ತದೆ. ಇಲ್ಲವಾದರೆ ಆಂಟಿ ಕ್ಲೋರಿನ್ ಹಾಕಿ. ಅಂಗಡಿಯಲ್ಲಿ ‘ಹೈಪೋ’ ಎಂದು ಅಗ್ಗಕ್ಕೆ ಸಿಗುವ ಹರಳು ಕೂಡ ಇದೇ ಕೆಲಸ ಮಾಡುತ್ತದೆ.

ಬೋರ್‌ವೆಲ್ ಆದರೆ ಮೊದಲು ಟಿಡಿಎಸ್ ಅಳೆಯಿರಿ. ಬಯಲುಸೀಮೆಯಲ್ಲಿ 800, 1000 ಬರುವುದು ಆಶ್ಚರ್ಯವೇನಲ್ಲ. ಆಗ ಆರ್‌ಒ ನೀರು ಬೆರೆಸಬೇಕು. ಲೆಕ್ಕ ಸುಲಭ. ಬೋರ್ ನೀರು 800, ಆರ್‌ಒ 50 ಇದ್ದರೆ, ಒಂದು ಪಾಲು ಬೋರಿಗೆ ಎರಡು ಪಾಲು ಆರ್‌ಒ ಸೇರಿಸಿದಾಗ 300 ಬರುತ್ತದೆ. ಪೂರ್ತಿ ಆರ್‌ಒ ನೀರನ್ನೇ ತುಂಬುವ ತಪ್ಪು ಮಾಡಬೇಡಿ. ಅದರಲ್ಲಿ ಕೆಎಚ್ ಇರುವುದಿಲ್ಲ, ವಾರಗಳು ಕಳೆದಂತೆ ಪಿಎಚ್ ಜಾರುತ್ತಾ ಹೋಗಿ ಒಂದು ದಿನ ಕುಸಿಯುತ್ತದೆ. ಇನ್ನೊಂದು ಮಾತು: ಆರ್‌ಒ ಯಂತ್ರ ಹೊರಗೆ ಬಿಡುವ ವ್ಯರ್ಥ ನೀರನ್ನು ‘ಹಾಳು ಮಾಡೋದು ಯಾಕೆ’ ಎಂದು ಮೀನಿಗೆ ಹಾಕುವವರಿದ್ದಾರೆ. ಲವಣವೆಲ್ಲ ಸೇರಿಕೊಂಡಿರುವುದು ಅದರಲ್ಲೇ. ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ.

ಟ್ಯಾಂಕರ್ ನೀರು ಬಳಸುವವರು ಪ್ರತಿ ಲೋಡಿಗೂ ಟಿಡಿಎಸ್ ನೋಡಲೇಬೇಕು. ಒಂದು ವಾರ 350 ಇದ್ದದ್ದು ಮುಂದಿನ ವಾರ 900 ಆಗಿರಬಹುದು. ಮಲೆನಾಡಿನ ಬಾವಿ ನೀರಿನವರು ಅದೃಷ್ಟವಂತರು. ಮೆತ್ತನೆಯ ನೀರು, ಕೆಎಚ್ ಒಂದು ಸಲ ಅಳೆದು ನೋಡಿಕೊಂಡರೆ ಸಾಕು.

ಹಂತ 4: ಮರಳು, ಮರದ ಬೇರು, ಎಲೆ

ಜಿಯೋಫೇಗಸ್ ತಿನ್ನುವುದನ್ನು ಒಂದು ಸಲ ಹತ್ತಿರದಿಂದ ನೋಡಿ. ತಲೆ ತಗ್ಗಿಸಿ ಬಾಯಿ ತುಂಬ ಮರಳು ಎತ್ತುತ್ತದೆ. ದವಡೆ ಆಡಿಸುತ್ತದೆ. ತಿನ್ನುವ ಚೂರು ಒಳಗೆ ಉಳಿಯುತ್ತದೆ, ಮರಳು ಕಿವಿರಿನ ಸಂದಿಯಿಂದ ಸಣ್ಣ ಧಾರೆಯಾಗಿ ಸುರಿಯುತ್ತದೆ. ಮುಗಿಯುವ ಮೊದಲೇ ಇನ್ನೊಂದು ಬಾಯಿ. ಇಡೀ ದಿನ ಇದೇ ಕೆಲಸ. ಇಂಥ ಮೀನಿಗೆ ಬಣ್ಣದ ಜಲ್ಲಿ ಹಾಸಿದರೆ ಒಂದೋ ಉಪವಾಸ ಇದ್ದಂತೆ, ಇಲ್ಲವೇ ಬಾಯಿ, ಕಿವಿರು ಗಾಯ.

ಹಾಗಾಗಿ ನಯವಾದ ಸಣ್ಣ ಮರಳು. ಎಂ-ಸ್ಯಾಂಡ್ ಬೇಡ. ಅದು ಕಲ್ಲು ಪುಡಿ ಮಾಡಿದ್ದು, ಅಂಚು ಚೂಪಾಗಿರುತ್ತದೆ. ಸಮುದ್ರದ ಮರಳೂ ಬೇಡ, ಅದರಲ್ಲಿ ಕಪ್ಪೆಚಿಪ್ಪಿನ ಚೂರು ಇರುತ್ತದೆ, ನೀರಿನ ಗಡಸುತನ ಏರಿಸುತ್ತದೆ. ಹೊಳೆ ಮರಳು ಸಿಕ್ಕರೆ ಜರಡಿ ಹಿಡಿದು, ತೊಳೆದ ನೀರು ತಿಳಿಯಾಗುವ ತನಕ ತೊಳೆಯಿರಿ. ಈಜುಕೊಳದ ಫಿಲ್ಟರಿಗೆ ಹಾಕುವ ಸಿಲಿಕಾ ಮರಳು ಇನ್ನೂ ಸುಲಭ. ಯಾವುದೇ ಮರಳು, ಕಲ್ಲಿನ ಮೇಲೆ ನಾಲ್ಕು ಹನಿ ವಿನೆಗರ್ ಹಾಕಿ ನೋಡಿ. ನೊರೆ ಬಂದರೆ ಸುಣ್ಣದ ಅಂಶ ಇದೆ ಎಂದು ಅರ್ಥ, ಬಳಸಬೇಡಿ. 2-3 ಸೆಂ.ಮೀ. ದಪ್ಪ ಸಾಕು. ಜಾಸ್ತಿ ಹಾಕಿದರೆ ಅಡಿಯಲ್ಲಿ ಗಾಳಿಯಾಡದೆ ಕೊಳೆಯುತ್ತದೆ.

ಮರದ ಬೇರು, ಅಂದರೆ ಡ್ರಿಫ್ಟ್‌ವುಡ್, ಎರಡು ಮೂರು ಕಡೆ ಇಡಿ. ಕೆಲಸ ಅಲಂಕಾರದ್ದಲ್ಲ. ಒಂದು ಮೀನಿಗೆ ಇನ್ನೊಂದು ಕಾಣದಂತೆ ಮರೆ ಮಾಡುವುದು. ದೊಡ್ಡ ಕಲ್ಲು ಇಡುವುದಿದ್ದರೆ ಮರಳಿನ ಮೇಲೆ ಬೇಡ, ಮೊದಲೇ ತಳದ ಗಾಜಿನ ಮೇಲೆ ಕೂರಿಸಿ ಆಮೇಲೆ ಮರಳು ಸುರಿಯಿರಿ. ಇವು ಅಡಿಯಿಂದ ತೋಡುತ್ತವೆ, ಕಲ್ಲು ಉರುಳಿ ಗಾಜು ಒಡೆಯುತ್ತದೆ.

ಬಾದಾಮಿ ಎಲೆಗೆ ಅಂಗಡಿಯಲ್ಲಿ ದುಡ್ಡು ಕೊಡಬೇಡಿ. ನಮ್ಮ ಬೀದಿ ಬದಿ, ಪಾರ್ಕು, ಶಾಲೆಯ ಅಂಗಳದಲ್ಲಿ ಇರುವ ಕಾಡು ಬಾದಾಮಿ ಮರದ್ದೇ ಅದು. ತಾನಾಗಿ ಉದುರಿ ಕಂದು ಬಣ್ಣಕ್ಕೆ ತಿರುಗಿದ ಎಲೆ ತಂದು, ತೊಳೆದು, ನಾಲ್ಕೈದು ಹಾಕಿ. ಔಷಧಿ ಹೊಡೆಯುವ ತೋಟದ್ದು, ವಾಹನ ದಟ್ಟಣೆಯ ರಸ್ತೆಯದ್ದು ಬೇಡ. ನೀರು ತಿಳಿ ಚಹಾದ ಬಣ್ಣಕ್ಕೆ ಬರುತ್ತದೆ. ಅದು ಕೊಳೆಯಲ್ಲ, ಎಲೆಯ ಟ್ಯಾನಿನ್. ಈ ಮೀನುಗಳಿಗೆ ಅದು ಹಿತ.

ಗಿಡ ಬೇಕೇ ಬೇಕು ಎನ್ನುವವರು ಅನುಬಿಯಾಸ್, ಜಾವಾ ಫರ್ನ್ ತಂದು ಡ್ರಿಫ್ಟ್‌ವುಡ್‌ಗೆ ದಾರದಿಂದ ಕಟ್ಟಿ. ಮರಳಿನಲ್ಲಿ ನೆಟ್ಟದ್ದು ಬೆಳಿಗ್ಗೆ ಮೇಲೆ ತೇಲುತ್ತಿರುತ್ತದೆ.

ಹಂತ 5: ಫಿಲ್ಟರ್, ಹೀಟರ್, ಕರೆಂಟು

ಗಂಟೆಗೆ ಟ್ಯಾಂಕಿನ ನೀರಿನ ನಾಲ್ಕೈದು ಪಟ್ಟು ಹರಿಸುವ ಫಿಲ್ಟರ್ ಬೇಕು. 250 ಲೀಟರಿಗೆ ಗಂಟೆಗೆ 1000-1200 ಲೀಟರ್. ಹೊರಗೆ ಇಡುವ ಡಬ್ಬಿ ತರದ ಕ್ಯಾನಿಸ್ಟರ್ ಫಿಲ್ಟರ್ ಅಥವಾ ಕೆಳಗೆ ಇನ್ನೊಂದು ತೊಟ್ಟಿ ಇಟ್ಟು ಮಾಡುವ ಸಂಪ್ ಒಳ್ಳೆಯದು. ಬಜೆಟ್ ಇಲ್ಲವೇ? ದೊಡ್ಡ ಸ್ಪಂಜ್ ಫಿಲ್ಟರ್ ಎರಡು ಮತ್ತು ಒಂದು ಗಟ್ಟಿ ಏರ್ ಪಂಪ್. ನೋಡಲು ಚಂದ ಇರುವುದಿಲ್ಲ, ಕೆಲಸದಲ್ಲಿ ಕಡಿಮೆಯಿಲ್ಲ. ಕರೆಂಟು ಹೋದರೆ ಏರ್ ಪಂಪನ್ನು ಇನ್ವರ್ಟರಿನಲ್ಲಿ ಓಡಿಸಬಹುದು ಎನ್ನುವುದು ಇದರ ಲಾಭ. ಇನ್ವರ್ಟರ್ ಇಲ್ಲದವರು ಬ್ಯಾಟರಿ ಏರ್ ಪಂಪ್ ಒಂದು ತಂದಿಡಿ. ಬೇಸಿಗೆಯಲ್ಲಿ ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಲೋಡ್ ಶೆಡ್ಡಿಂಗ್ ಬರುವುದೂ ಆಗಲೇ. ಕ್ಯಾನಿಸ್ಟರ್ ಹಲವು ಗಂಟೆ ನಿಂತಿದ್ದರೆ, ಕರೆಂಟು ಬಂದ ಕೂಡಲೇ ಹಾಗೇ ಆನ್ ಮಾಡಬೇಡಿ. ಒಳಗೆ ಕೊಳೆತ ನೀರು ಟ್ಯಾಂಕಿಗೆ ಬರುತ್ತದೆ. ಮೊದಲು ಆ ನೀರು ಚೆಲ್ಲಿ.

ಉಷ್ಣಾಂಶ 25ರಿಂದ 28 ಡಿಗ್ರಿ. ಮಂಗಳೂರು, ಉಡುಪಿಯಲ್ಲಿ ಹೀಟರ್ ಬಹುತೇಕ ಬೇಡ. ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರಿನಲ್ಲಿ ನವೆಂಬರಿನಿಂದ ಫೆಬ್ರವರಿ ತನಕ ಬೇಕೇ ಬೇಕು. ಲೀಟರಿಗೆ ಒಂದು ವಾಟ್ ಎಂದು ಲೆಕ್ಕ ಹಿಡಿಯಿರಿ. 300 ವಾಟಿನ ಒಂದಕ್ಕಿಂತ 150ರ ಎರಡು ಹಾಕಿ. ಹೀಟರ್ ಕೆಟ್ಟು ಆನ್ ಆಗಿಯೇ ಉಳಿದರೆ 300 ವಾಟಿನದ್ದು ಮೀನನ್ನು ಬೇಯಿಸಿಬಿಡುತ್ತದೆ. ರಾಯಚೂರು, ಕಲಬುರಗಿ ಕಡೆಯವರಿಗೆ ಸಮಸ್ಯೆ ಉಲ್ಟಾ. ನೀರಿನ ಮೇಲ್ಮೈಗೆ ಅಡ್ಡಲಾಗಿ ಸಣ್ಣ ಫ್ಯಾನ್ ಇಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ನೀರು ಆವಿಯಾಗಿ ಕಡಿಮೆಯಾಗುತ್ತದೆ, ಲವಣ ಮಾತ್ರ ಉಳಿಯುತ್ತದೆ. ಹಾಗಾಗಿ ಆ ಖಾಲಿ ಜಾಗ ತುಂಬಲು ಆರ್‌ಒ ನೀರೇ ಸರಿ.

ಎಚ್ಚರಿಕೆ: ಟ್ಯಾಂಕಿನೊಳಗೆ ಕೈ ಹಾಕುವ ಮುನ್ನ ಪ್ಲಗ್‌ಗಳನ್ನೆಲ್ಲ ತೆಗೆಯಿರಿ. ವೈರು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಇಳಿದು ಮೇಲೇರುವಂತೆ ಬಿಡಿ. ಆಗ ವೈರಿನ ಮೇಲೆ ಜಾರಿದ ನೀರು ಸಾಕೆಟ್ಟಿಗೆ ಹೋಗದೆ ಕೆಳಗೆ ತೊಟ್ಟಿಕ್ಕುತ್ತದೆ. ಮನೆಯ ಮೇನ್‌ನಲ್ಲಿ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ಕೂಡಲೇ ತಾನಾಗಿ ಆಫ್ ಆಗುವ ಸ್ವಿಚ್, ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆದು ಹಾಕಿಸಿ.

ಹಂತ 6: ಸೈಕ್ಲಿಂಗ್, ಅಂದರೆ ಫಿಲ್ಟರಿಗೆ ಜೀವ ತುಂಬುವುದು

ಮೊದಲು ಹೇಳಿದ ಮೂರನೇ ದಿನದ ಪ್ರಶ್ನೆಗೆ ಉತ್ತರ ಇಲ್ಲಿದೆ. ಮೀನಿನ ಉಸಿರು, ಹಿಕ್ಕೆ, ಉಳಿದ ತಿಂಡಿ ಎಲ್ಲದರಿಂದ ನೀರಿಗೆ ಅಮೋನಿಯಾ ಸೇರುತ್ತದೆ. ಅದು ವಿಷ, ಕಣ್ಣಿಗೆ ಕಾಣುವುದಿಲ್ಲ. ಫಿಲ್ಟರಿನಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಇದರ ವಿಷ ಬಹಳ ಕಡಿಮೆ, ವಾರಕ್ಕೊಮ್ಮೆ ನೀರು ಬದಲಿಸಿ ಹೊರಹಾಕುತ್ತೇವೆ. ಈ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಹೊಸ ಟ್ಯಾಂಕಿನಲ್ಲಿ ಅವು ಇರುವುದಿಲ್ಲ, ಮೀನು ತನ್ನ ವಿಷದಲ್ಲೇ ಉಸಿರುಗಟ್ಟುತ್ತದೆ. ನೀರಿನ ಪಿಎಚ್ ಹೆಚ್ಚಿದಷ್ಟೂ ಅಮೋನಿಯಾದ ವಿಷ ಜಾಸ್ತಿ. ಬೋರ್ ನೀರಿನವರು ಇದನ್ನು ನೆನಪಿಡಿ.

ಮೀನಿಲ್ಲದೆ ಮಾಡುವ ವಿಧಾನ ಹೀಗೆ. ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ತನ್ನಿ. ಕಾಗದದ ಪಟ್ಟಿಯನ್ನು ಅಷ್ಟಾಗಿ ನಂಬಲಾಗದು. ಫಿಲ್ಟರ್ ಓಡುತ್ತಿರಲಿ. ಶುದ್ಧ ಅಮೋನಿಯಂ ಕ್ಲೋರೈಡ್ 250 ಲೀಟರಿಗೆ ಸುಮಾರು ಒಂದೂವರೆ ಗ್ರಾಂ ಕರಗಿಸಿ ಹಾಕಿದರೆ ಅಮೋನಿಯಾ 2 ಪಿಪಿಎಂ ಆಸುಪಾಸು ಬರುತ್ತದೆ. ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಅಮೋನಿಯಾ ಸೊನ್ನೆಗೆ ಇಳಿದಾಗ ಮತ್ತೆ ಅಷ್ಟೇ ಹಾಕಿ. ನಡುವೆ ನೈಟ್ರೈಟ್ ಏರಿ ನಿಲ್ಲುತ್ತದೆ, ಬೇಸರವಾಗುವಷ್ಟು ದಿನ ಇಳಿಯುವುದೇ ಇಲ್ಲ. ಕಾಯಿರಿ. ಹಾಕಿದ 2 ಪಿಪಿಎಂ 24 ಗಂಟೆಯಲ್ಲಿ ಮಾಯವಾಗಿ, ನೈಟ್ರೈಟೂ ಸೊನ್ನೆ ಬಂದರೆ ಫಿಲ್ಟರ್ ತಯಾರು. ಮುಕ್ಕಾಲು ಪಾಲು ನೀರು ಬದಲಿಸಿ, ಮೀನು ತನ್ನಿ.

ಬೇಗ ಆಗಬೇಕೆ? ಆರೋಗ್ಯವಾದ ಟ್ಯಾಂಕ್ ಇರುವ ಗೆಳೆಯರಿಂದ ಬಳಸಿದ ಸ್ಪಂಜು ಕೇಳಿ ತನ್ನಿ. ಅದೇ ಟ್ಯಾಂಕಿನ ನೀರಿನಲ್ಲಿ ಒದ್ದೆಯಾಗಿಟ್ಟು ತಂದು ನಿಮ್ಮ ಫಿಲ್ಟರಿನಲ್ಲಿ ಹಾಕಿದರೆ ವಾರಗಳು ಉಳಿಯುತ್ತವೆ. ಬರೀ ಹಳೇ ನೀರು ತಂದರೆ ಸುಮ್ನೆ ಹೊತ್ತದ್ದಷ್ಟೇ ಬಂತು. ಬ್ಯಾಕ್ಟೀರಿಯಾ ನೀರಿನಲ್ಲಿ ತೇಲುತ್ತಿರುವುದಿಲ್ಲ, ಸ್ಪಂಜಿಗೆ ಅಂಟಿಕೊಂಡಿರುತ್ತದೆ.

ಹಂತ 7: ಅಂಗಡಿಯಲ್ಲಿ

ಬೆಂಗಳೂರಿನವರಿಗೆ ಶಿವಾಜಿನಗರ ಗೊತ್ತೇ ಇದೆ. ದಕ್ಷಿಣದಲ್ಲಿ ಬಣ್ಣದ ಮೀನಿನ ದೊಡ್ಡ ನೆಲೆ ಚೆನ್ನೈನ ಕೊಳತ್ತೂರು. ಎಲ್ಲೇ ತಂದರೂ ಹೀಗೆ ನೋಡಿ: ತಿಂಡಿ ಹಾಕಲು ಹೇಳಿ, ಓಡಿ ಬಂದು ತಿನ್ನುತ್ತದಾ? ಹೊಟ್ಟೆ ಒಳಗೆ ಸೇರಿದೆಯಾ? ಹಾಗಿದ್ದರೆ ಹುಳುವಿನ ಬಾಧೆ ಇರಬಹುದು. ದೇಹ ಚಿಕ್ಕದಾಗಿ ಕಣ್ಣು ಮಾತ್ರ ದೊಡ್ಡದಿದೆಯಾ? ಅದು ಬೆಳವಣಿಗೆ ಕುಂಠಿತವಾದ ಮೀನು, ಮರಿಯಲ್ಲ. ಬೆರಳಷ್ಟು ಮರಿಗೆ ದೊಡ್ಡ ಗಂಡಿನ ಪೂರ್ತಿ ಬಣ್ಣ ಬಂದಿದ್ದರೆ ಹಾರ್ಮೋನ್ ತಿನ್ನಿಸಿರುವ ಸಾಧ್ಯತೆ ಇದೆ. ಮನೆಗೆ ತಂದ ಕೆಲವೇ ವಾರದಲ್ಲಿ ಆ ಬಣ್ಣ ಇಳಿಯುತ್ತದೆ. ಮಂಕಾಗಿದ್ದರೂ ಚುರುಕಾಗಿರುವ ಮರಿಯನ್ನೇ ಆರಿಸಿ.

ಮರಿಗಳಲ್ಲಿ ಗಂಡು ಹೆಣ್ಣು ಗೊತ್ತಾಗುವುದಿಲ್ಲ. ‘ಜೋಡಿ ಕೊಡಿ’ ಎಂದು ಕೇಳಿದರೆ ಕೈಗೆ ಬಂದ ಎರಡು ಕೊಡುತ್ತಾರೆ, ಅಷ್ಟೇ. ಐದಾರು ಮರಿ ತಂದು ಒಟ್ಟಿಗೆ ಬೆಳೆಸಿ. ತಾವಾಗಿ ಜೋಡಿಯಾಗುತ್ತವೆ. ಉಳಿದವನ್ನು ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಅಂಗಡಿಯವರನ್ನು ಮೊದಲೇ ಕೇಳಿಡಿ.

ಜೊತೆಗೆ ಒಂದು ಗುಂಪು ಡಿದರ್ ಮೀನು ಬೇಕು. ಸಿಕ್ಲಿಡ್‌ಗಳಿಗೆ ಧೈರ್ಯ ಕೊಡುವ ಗುಂಪು ಮೀನನ್ನು ಹೀಗೆ ಕರೆಯುತ್ತಾರೆ. ಅವು ಬಯಲಿನಲ್ಲಿ ಆರಾಮಾಗಿ ಓಡಾಡಿದರೆ ಅಪಾಯ ಇಲ್ಲವೆಂದು ಸಿಕ್ಲಿಡ್ ಮರೆಯಿಂದ ಹೊರಬರುತ್ತದೆ. ಬ್ಲ್ಯಾಕ್ ಸ್ಕರ್ಟ್ ಟೆಟ್ರಾ ಹತ್ತು ಹನ್ನೆರಡು ಸಾಕು. ದೊಡ್ಡ ಟ್ಯಾಂಕಾದರೆ ಸಿಲ್ವರ್ ಡಾಲರ್. ಪಾಚಿ ತಿನ್ನಲು ಬ್ರಿಸಲ್‌ನೋಸ್ ಎಂಬ ಸಣ್ಣ ಮೀನು ಒಂದು. ‘ಸಕ್ಕರ್ ಫಿಶ್’ ಎಂದು ಎಲ್ಲ ಕಡೆ ಮಾರುವುದು ಬೇರೆ, ಅದು ಒಂದಡಿ ಮೀರಿ ಬೆಳೆಯುತ್ತದೆ. ಹೀಗೆ ಬೆಳೆದವನ್ನು ಜನ ಕೆರೆ, ಹೊಳೆಗೆ ಬಿಟ್ಟು ಬಿಟ್ಟು ಕೇರಳ, ತಮಿಳುನಾಡಿನ ಮೀನುಗಾರರ ಬಲೆಗೆ ಈಗ ಅವೇ ಬೀಳುತ್ತಿವೆ. ಸಿಕ್ಲಿಡ್ ಕೂಡ ಅಷ್ಟೆ. ಬೇಡವಾದರೆ ಅಂಗಡಿಗೆ ಕೊಡಿ, ಯಾವ ಕಾರಣಕ್ಕೂ ಕೆರೆಗೆ ಬೇಡ.

ಹಂತ 8: ಮೀನು ಬಿಡುವುದು

ಹೊಸ ಮೀನನ್ನು ಬೇರೆ ಸಣ್ಣ ತೊಟ್ಟಿಯಲ್ಲಿ ಮೂರು ನಾಲ್ಕು ವಾರ ಇಟ್ಟು, ಕಾಯಿಲೆ ಇದೆಯಾ ನೋಡಿ. ಇದನ್ನು ಕ್ವಾರಂಟೈನ್ ಎನ್ನುತ್ತೇವೆ. ಮೊದಲ ಮೀನುಗಳಾದರೆ ಮುಖ್ಯ ಟ್ಯಾಂಕೇ ಕ್ವಾರಂಟೈನ್. ಕವರನ್ನು ಕಾಲು ಗಂಟೆ ನೀರಿನ ಮೇಲೆ ತೇಲಿಸಿ. ಆಮೇಲೆ ನಿಮ್ಮ ನೀರನ್ನು ಲೋಟದಲ್ಲಿ ಸ್ವಲ್ಪ ಸ್ವಲ್ಪವೇ ಕವರಿಗೆ ಸೇರಿಸುತ್ತಾ ಇನ್ನೊಂದು ಅರ್ಧ ಗಂಟೆ ಬಿಡಿ. ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಡಿ, ಅಂಗಡಿಯ ನೀರು ಚರಂಡಿಗೆ. ಆ ದಿನ ದೀಪ ಬೇಡ, ತಿಂಡಿ ಬೇಡ. ಮೂಲೆಯಲ್ಲಿ ಕಪ್ಪಗೆ ಮುದುಡಿ ಕೂತರೆ ಗಾಬರಿಯಾಗಬೇಡಿ.

ಡಿದರ್ ಮೊದಲು, ಸಾಧು ಮೀನು ಆಮೇಲೆ, ಜಗಳಗಂಟ ಕೊನೆಗೆ. ಮೊದಲು ಬಂದವನು ಇಡೀ ಟ್ಯಾಂಕ್ ತನ್ನದೆನ್ನುತ್ತಾನೆ.

ಹಂತ 9: ಊಟ

ದಿನಕ್ಕೆರಡು ಸಲ, ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟು. ವಾರಕ್ಕೊಂದು ದಿನ ಉಪವಾಸ. ಜಿಯೋಫೇಗಸ್‌ಗೆ ಮುಳುಗುವ ಸಣ್ಣ ಪೆಲೆಟ್. ಸೆವೆರಮ್‌ಗೆ ಸೊಪ್ಪು ತರಕಾರಿ ಬೇಕು. ಸ್ಪಿರುಲಿನಾ ಇರುವ ಪೆಲೆಟ್, ಬೇಯಿಸಿ ಸಿಪ್ಪೆ ತೆಗೆದ ಬಟಾಣಿ, ಬಾಡಿಸಿದ ಪಾಲಕ್. ಉಪ್ಪು ಹಾಕಬೇಡಿ. ಮಂಡಕ್ಕಿ, ಬ್ರೆಡ್, ಚಪಾತಿ ಚೂರು ದೇವಸ್ಥಾನದ ಕೊಳದ ಅಭ್ಯಾಸ, ಇಲ್ಲಿ ಬೇಡ. ದನ, ಕೋಳಿ ಮಾಂಸದ ಕೊಬ್ಬು ಇವುಗಳಿಗೆ ಜೀರ್ಣವಾಗುವುದಿಲ್ಲ. ಚರಂಡಿ ಮೂಲದ ಜೀವಂತ ಟ್ಯೂಬಿಫೆಕ್ಸ್ ಹುಳು ರೋಗ ತರುತ್ತದೆ.

ಹಂತ 10: ವಾರದ ಕೆಲಸ

ಪ್ರತಿ ವಾರ ಮೂರನೇ ಒಂದು ಭಾಗದಿಂದ ಅರ್ಧದಷ್ಟು ನೀರು ಬದಲಿಸಿ. ನೈಟ್ರೇಟ್ 20-30 ಪಿಪಿಎಂ ದಾಟದಿದ್ದರೆ ಸರಿಯಾಗಿ ಮಾಡುತ್ತಿದ್ದೀರಿ ಎಂದು ಅರ್ಥ. ಪೈಪನ್ನು ಮರಳಿನ ಮೇಲೆ ಸುಳಿದಾಡಿಸಿ ಹಿಕ್ಕೆ ಎಳೆಯಿರಿ. ತೆಗೆದ ನೀರು ಗಿಡಗಳಿಗೆ ಒಳ್ಳೆಯದು. ಹೊಸ ನೀರಿನ ಬಿಸಿ ಕೈಗೆ ಟ್ಯಾಂಕಿನಷ್ಟೇ ಇರಬೇಕು.

ಫಿಲ್ಟರ್ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಉಜ್ಜಿ ಬೆಳ್ಳಗೆ ಮಾಡುವುದು ನಾನು ಅತಿ ಹೆಚ್ಚು ಕಾಣುವ ತಪ್ಪು. ಆರು ವಾರ ಕಾದು ಬೆಳೆಸಿದ್ದು ಒಂದು ನಿಮಿಷದಲ್ಲಿ ಹೋಗುತ್ತದೆ. ತೆಗೆದ ಟ್ಯಾಂಕ್ ನೀರಿನ ಬಕೆಟ್ಟಿನಲ್ಲಿ ಎರಡು ಸಲ ಹಿಂಡಿ, ವಾಪಸ್ ಇಡಿ. ಸ್ವಲ್ಪ ಕಂದಾಗಿಯೇ ಇರಲಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ತೊಳೆಯುವ ‘ತಿಂಗಳ ಕ್ಲೀನಿಂಗ್’ ಮಾಡಿಕೊಡುತ್ತೇವೆ ಎಂದು ಬರುವವರನ್ನೂ ವಾಪಸ್ ಕಳಿಸಿ.

ಹಂತ 11: ಜಗಳ ಮತ್ತು ಕಾಯಿಲೆ

ಎಲ್ಲ ಜಗಳವೂ ಜಗಳವಲ್ಲ. ಕಿವಿರು ಅರಳಿಸುವುದು, ಅಕ್ಕಪಕ್ಕ ನಿಂತು ಬಾಲ ಬೀಸುವುದು, ತುಟಿಗೆ ತುಟಿ ಕಚ್ಚಿ ಎಳೆದಾಡುವುದು ಬಲ ನೋಡಿಕೊಳ್ಳುವ ರೀತಿ. ಒಬ್ಬ ಸೋತು ಸರಿದರೆ ಮುಗಿಯಿತು. ಸೋತವನನ್ನು ಬಿಡದೆ ಅಟ್ಟಿಸುತ್ತಿದ್ದರೆ, ಅವನು ಫಿಲ್ಟರ್ ಪೈಪಿನ ಹಿಂದೆ ಓರೆಯಾಗಿ ತೂಗಾಡುತ್ತಿದ್ದರೆ, ಆ ದಿನವೇ ಬೇರೆ ಮಾಡಿ. ‘ಹೊಂದಿಕೊಳ್ಳುತ್ತವೆ ಬಿಡು’ ಎನ್ನಬೇಡಿ. ಬೇರು, ಕಲ್ಲುಗಳ ಜಾಗ ಬದಲಿಸಿದರೆ ಗಡಿಗಳೆಲ್ಲ ಅಳಿಸಿ ಕೆಲವೊಮ್ಮೆ ಹೊಸದಾಗಿ ಶುರುವಾಗುತ್ತದೆ.

ಮೈ ಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಕಂಡರೆ ಅದು ಇಕ್ ಎಂಬ ಪರಾವಲಂಬಿ. ಎರಡು ದಿನದಲ್ಲಿ ನಿಧಾನವಾಗಿ ಉಷ್ಣಾಂಶವನ್ನು 30ಕ್ಕೆ ಏರಿಸಿ, ಗಾಳಿ ಹೆಚ್ಚಿಸಿ, ಲೀಟರಿಗೆ ಒಂದರಿಂದ ಎರಡು ಗ್ರಾಂ ಅಯೋಡಿನ್ ಇಲ್ಲದ ಕಲ್ಲುಪ್ಪು ಕರಗಿಸಿ ಹಾಕಿ. ಚುಕ್ಕೆ ಹೋದ ಮೇಲೂ ಒಂದು ವಾರ ಮುಂದುವರಿಸಿ. ಮೆಥಿಲಿನ್ ಬ್ಲೂ ನೀಲಿ ಔಷಧವನ್ನು ಮುಖ್ಯ ಟ್ಯಾಂಕಿಗೆ ಸುರಿಯಬೇಡಿ, ಫಿಲ್ಟರ್ ಸಾಯುತ್ತದೆ.

ತಲೆಯ ಮೇಲೆ ಸೂಜಿಯಿಂದ ಚುಚ್ಚಿದಂತೆ ಕುಳಿ ಬಿದ್ದು ದೊಡ್ಡದಾಗುತ್ತಾ ಹೋಗುವುದು ‘ಹೋಲ್ ಇನ್ ದಿ ಹೆಡ್’. ಸೆವೆರಮ್, ಆಸ್ಕರ್‌ಗಳಲ್ಲಿ ಜಾಸ್ತಿ. ಹೊಲಸು ನೀರು, ಒಂದೇ ಬಗೆಯ ತಿಂಡಿ, ಕರುಳಿನ ಪರಾವಲಂಬಿ ಎಲ್ಲದರ ಹೆಸರೂ ಕೇಳಿಬರುತ್ತದೆ. ಔಷಧಕ್ಕೆ ಮೊದಲು ವಾರಕ್ಕೆರಡು ಸಲ ನೀರು ಬದಲಿಸಿ, ತಿಂಡಿ ಬದಲಿಸಿ. ಶುರುವಿನಲ್ಲೇ ಕಂಡರೆ ಇಷ್ಟಕ್ಕೇ ಬಹಳ ಸಲ ಮಾಯುತ್ತದೆ.

ಹಂತ 12: ಮರಿಯಾದರೆ

ಚೆನ್ನಾಗಿ ನೋಡಿಕೊಂಡರೆ ಮರಿ ಆಗಿಯೇ ಆಗುತ್ತದೆ. ಅಕಾರ ಜೋಡಿ ಚಪ್ಪಟೆ ಕಲ್ಲನ್ನು ಬಾಯಿಯಿಂದ ಉಜ್ಜಿ ಉಜ್ಜಿ ಶುಚಿ ಮಾಡಲು ಶುರು ಮಾಡಿದರೆ ಒಂದೆರಡು ದಿನದಲ್ಲಿ ಮೊಟ್ಟೆ. ನೂರಾರು ಇಡುತ್ತವೆ. ಬಿಳಿಚಿದವು ಕೆಟ್ಟವು, ತಾಯಿ ತಂದೆಯೇ ತೆಗೆಯುತ್ತವೆ. ಮೂರು ದಿನಕ್ಕೆ ಒಡೆದು, ಮತ್ತೆ ನಾಲ್ಕೈದು ದಿನಕ್ಕೆ ಮರಿಗಳು ಈಜುತ್ತವೆ. ಮೊದಲೆರಡು ಸಲ ಮೊಟ್ಟೆಯನ್ನು ತಾವೇ ತಿಂದುಬಿಟ್ಟರೆ ಬೇಜಾರು ಬೇಡ, ಎಳೆ ಜೋಡಿಗಳು ಹಾಗೇ. ತಪಜೋಸ್ ಜಿಯೋಫೇಗಸ್ ಮರಿಗಳನ್ನು ಬಾಯಲ್ಲೇ ಇಟ್ಟುಕೊಂಡು ಸಾಕುತ್ತದೆ. ಗಂಟಲು ಉಬ್ಬಿಸಿಕೊಂಡು ಊಟ ಬಿಟ್ಟ ಮೀನಿಗೆ ಕಾಯಿಲೆ ಎಂದು ಔಷಧ ಹಾಕಬೇಡಿ.

ಈ ದಿನಗಳಲ್ಲಿ ಬೇರೆ ಮೀನುಗಳಿಗೆ ಏಟು ಗ್ಯಾರಂಟಿ. ಟ್ಯಾಂಕಿಗೆ ಅಡ್ಡ ಜಾಲರಿ ಇಡಿ. ಮರಿಗಳಿಗೆ ಆಗ ತಾನೇ ಮೊಟ್ಟೆ ಒಡೆದು ಬಂದ ಆರ್ಟೀಮಿಯಾ ಕೊಡಿ, ಅದು ಉಪ್ಪು ನೀರಿನ ಪುಟ್ಟ ಸೀಗಡಿಯಂಥ ಜೀವಿ. ಅದರ ಮೊಟ್ಟೆಯ ಪುಡಿ ಅಂಗಡಿಯಲ್ಲಿ ಸಿಗುತ್ತದೆ, ಉಪ್ಪು ನೀರಿನ ಬಾಟಲಿಯಲ್ಲಿ ಗಾಳಿ ಬಿಟ್ಟು ಒಂದು ದಿನ ಇಟ್ಟರೆ ಒಡೆಯುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಕೊಡಬೇಕು, ನೀರೂ ಅಷ್ಟೇ ಬೇಗ ಕೆಡುತ್ತದೆ. ಎಲ್ಲವನ್ನೂ ಉಳಿಸಿಕೊಳ್ಳಲು ಹೋಗಬೇಡಿ, 255 ಲೀಟರಿನಲ್ಲಿ ಇನ್ನೂರು ಮರಿ ಬೆಳೆಯುವುದಿಲ್ಲ. ಮೂವತ್ತು ನಲವತ್ತನ್ನು ಬೇರೆ ತೊಟ್ಟಿಯಲ್ಲಿ ಒಂದು ಇಂಚು ಬೆಳೆಸಿದರೆ ಅಂಗಡಿಯವರು ತೆಗೆದುಕೊಳ್ಳುತ್ತಾರೆ. ದುಡ್ಡು ಕೇಳಿದರೆ ಕಡಿಮೆ ಕೊಡುತ್ತಾರೆ, ಬದಲಿಗೆ ಪೆಲೆಟ್ ಡಬ್ಬಿ ಕೇಳಿ.